ಮುನಿರಾಜು ಮನೆಯ ಅರ್ಥಿಂಗ್

ಕೋವಿಡ್ ಕಳೆದ ಎರಡನೆಯ ಬೇಸಿಗೆ. ಚಿಂತಾಮಣಿಯಲ್ಲಿ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರನಾಗಿ ನಾನು ಆಗಲೇ ಮೂವತ್ತು ವರ್ಷದ ಹತ್ತಿರ ಕೆಲಸ ಮಾಡಿದ್ದೆ. ಆ ಬೇಸಿಗೆಯಲ್ಲಿ ಬಂದ ಫೋನುಗಳೆಲ್ಲ ಒಂದೇ ಬಗೆಯವು: "ಎ.ಸಿ. ಹಾಕ್ಸಿದೀವಿ ಸಾರ್, ಎಂಸಿಬಿ ಬೀಳ್ತಾ ಇದೆ, ದೊಡ್ಡದು ಹಾಕ್ಕೊಡಿ." ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಲೋಡು ಮಿತಿ ಮೀರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ತೆಳ್ಳಗಿನ ವೈರಿಗೆ ದೊಡ್ಡ ಎಂಸಿಬಿ ಹಾಕಿದರೆ ಅದೇನೋ ಬೀಳುವುದಿಲ್ಲ, ವೈರೇ ಸುಟ್ಟುಹೋಗುತ್ತದೆ. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

ಮುರುಗಮಲ್ಲ ರಸ್ತೆಯ ಒಂದು ಹಳ್ಳಿಯಿಂದ ವೆಂಕಟರವಣಪ್ಪನವರು ಫೋನ್ ಮಾಡಿದಾಗಲೂ ಅದೇ ಮಾತು. ಅವರ ಮಗ ಮುನಿರಾಜು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಹಿಂದಿನ ವರ್ಷ ಬೈಕಿನಿಂದ ಬಿದ್ದು ಕತ್ತಿನ ಮೂಳೆ ಮುರಿದಿತ್ತು. ಮಾತಿಗೇನೂ ತೊಂದರೆ ಇರಲಿಲ್ಲ, ಆದರೆ ಕತ್ತಿನಿಂದ ಕೆಳಗೆ ಸ್ಪರ್ಶವಿಲ್ಲ, ಕೈಕಾಲು ಆಡುವುದಿಲ್ಲ. ಅಂಥವರಿಗೆ ಬೆವರೂ ಸರಿಯಾಗಿ ಬರುವುದಿಲ್ಲವಂತೆ, ಸೆಕೆಗೆ ಮೈ ಕಾದು ಜ್ವರ ಏರುತ್ತದೆಯಂತೆ. ಕೋಣೆ ತಂಪಾಗಿರಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಒಂದೂವರೆ ಟನ್ನಿನ ಎ.ಸಿ. ತಂದಿದ್ದರು.

ಹೋಗಿ ನೋಡಿದೆ. ಎ.ಸಿ. ಕೂರಿಸಲು ಬಂದವರು ಅದನ್ನು ಗೋಡೆಗೆ ಹಾಕಿ, ಫ್ರಿಜ್ಜು ಗೀಜರು ಇರುವ ಲೈನಿಗೇ ಕೊಟ್ಟು ಹೋಗಿದ್ದರು. ಅಷ್ಟು ದೊಡ್ಡ ಎ.ಸಿ.ಗೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನು ಬೇಕು. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೆ ಇಪ್ಪತ್ತು ಆಂಪಿಯರಿನ ಎಂಸಿಬಿ, ಮನೆಗೆ ಮಂಜೂರಾದ ಲೋಡು ಸಾಲದಿದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅರ್ಥಿಂಗ್ ಸರಿಯಿರಬೇಕು. ಯಂತ್ರದ ಲೋಹದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ವೈರು ಅದು. ಅದಿಲ್ಲದಿದ್ದರೆ ಕರೆಂಟು ಮುಟ್ಟಿದವರ ಮೈಯಿಂದ ಇಳಿಯುತ್ತದೆ.

ವೆಂಕಟರವಣಪ್ಪನವರಿಗೆ ಇಷ್ಟು ಹೇಳುತ್ತ ಮುನಿರಾಜುವಿನ ಮಂಚದ ಕಂಬಿ ಹಿಡಿದೆ, ಕೈ ಜುಮ್ಮೆಂದಿತು. ಮೋಟಾರಿನಿಂದ ತಲೆಭಾಗ ಏರಿಳಿಯುವ, ಆಸ್ಪತ್ರೆಯಲ್ಲಿರುವಂಥ ಕಬ್ಬಿಣದ ಮಂಚ. ಮೀಟರ್ ಹಿಡಿದರೆ ಮಂಚಕ್ಕೂ ನೆಲಕ್ಕೂ ನಡುವೆ ನೂರು ವೋಲ್ಟಿನ ಮೇಲೆ ತೋರಿಸಿತು.

"ಇದು ಯಾವಾಗಿಂದಮ್ಮ?" ಎಂದು ಅವನ ಹೆಂಡತಿ ಶೋಭಾಳನ್ನು ಕೇಳಿದೆ. ಆಕೆ ನನ್ನನ್ನು ಹಜಾರಕ್ಕೆ ಕರೆದಳು.

"ಎ.ಸಿ. ಹಾಕ್ದಾಗ್ಲಿಂದ ಇದೆ ಸಾರ್. ಅವ್ರ ಮೈ ಒರೆಸೋವಾಗ ಜುಂ ಅಂತದೆ. ಅವ್ರಿಗೆ ಹೇಳ್ಬೇಡಿ. ಗೊತ್ತಾದ್ರೆ ಎ.ಸಿ. ಆಫ್ ಮಾಡು ಅಂತಾರೆ. ಆಮೇಲೆ ಜ್ವರ ಬರ್ತದೆ."

"ಅವರಿಗೆ ಏನೂ ಅನ್ಸಲ್ವಾ?"

"ಅವ್ರಿಗೇನು ಗೊತ್ತಾಗ್ತದೆ ಸಾರ್."

ಇವತ್ತು ನಲ್ಲಿಯಲ್ಲಿ ನೀರು ಬಂದಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದಳು. ಒಂದು ವರ್ಷದಿಂದ ಆ ಮನೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರೆಂದು ತೋರುತ್ತದೆ. ಕರೆಂಟು ಹೊಡೆದವರನ್ನು ನೋಡಿ ನೋಡಿ ನನ್ನ ಮನಸ್ಸೂ ಮರಗಟ್ಟಿತ್ತು, ಆದ್ದರಿಂದ ಅದು ನನಗೆ ವಿಚಿತ್ರವೆನಿಸಲಿಲ್ಲ. ಆದರೆ ಆಕೆ ಮುಂದೆ ಹೇಳಿದ್ದು ಕೇಳಿ ಹೆದರಿದೆ. ಅಂದು ಮಧ್ಯಾಹ್ನ ಫಿಸಿಯೋಥೆರಪಿಯವರು ಬಂದು ಮುನಿರಾಜುವನ್ನು ಮೊದಲ ಸಲ ಮಂಚದ ಅಂಚಿಗೆ ಕೂರಿಸಿ, ಪಾದ ನೆಲಕ್ಕೆ ಊರಿಸುವವರಿದ್ದರು. ಅಲ್ಲಿಯವರೆಗೆ ಅವನ ಮೈ ಕಂಬಿಗೆ ತಾಗಿದ್ದರೂ ನೆಲಕ್ಕೆ ತಾಗಿರಲಿಲ್ಲ, ಅದೇ ಅವನನ್ನು ಕಾದಿತ್ತು. ಒದ್ದೆ ನೆಲಕ್ಕೆ ಪಾದ ತಾಗಿದರೆ ಕರೆಂಟು ಅವನ ಮೈಯಿಂದಲೇ ಹರಿಯುತ್ತಿತ್ತು, ಅದು ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಎ.ಸಿ. ಮತ್ತು ಮಂಚದ ಪ್ಲಗ್ಗುಗಳನ್ನು ಕಿತ್ತೆ. ಫಿಸಿಯೋಥೆರಪಿಯವರಿಗೆ ಇವತ್ತು ಬರಬೇಡಿ ಎಂದು ಫೋನ್ ಮಾಡಿಸಿದೆ.

"ಅರ್ಥಿಂಗ್ ಎಲ್ಲಿದೆ?" ಎಂದು ವೆಂಕಟರವಣಪ್ಪನವರನ್ನು ಕೇಳಿದೆ.

"ಹಿತ್ಲಲ್ಲಿ ಸಾರ್. ಮನೆ ಕಟ್ದಾಗ ಬೋರ್‌ವೆಲ್ ಕೇಸಿಂಗ್‌ಗೆ ಕಟ್ಸಿದ್ವಿ."

ಕೇಸಿಂಗ್ ಎಂದರೆ ಕೊಳವೆಬಾವಿಗೆ ಮೇಲ್ಭಾಗದಲ್ಲಿ ಇಳಿಸುವ ದಪ್ಪ ಕಬ್ಬಿಣದ ಪೈಪು. ಬೇರೆ ಗುಂಡಿ ತೋಡುವ ಕೆಲಸ ತಪ್ಪುತ್ತದೆಂದು ನಮ್ಮ ಕಡೆ ಅರ್ಥಿಂಗ್ ವೈರನ್ನು ಅದಕ್ಕೇ ಬಿಗಿಯುವವರಿದ್ದಾರೆ. ಹಿತ್ತಲಿಗೆ ಹೋದರೆ ಕೇಸಿಂಗೇ ಇಲ್ಲ. ಅಲ್ಲಿ ಒಂದು ಚಪ್ಪಡಿ ಕಲ್ಲು ಮುಚ್ಚಿತ್ತು.

"ಆ ಬೋರು ಬತ್ತೋಯ್ತಲ್ಲ ಸಾರ್. ಕೇಸಿಂಗ್ ಕಿತ್ತು ತೋಟದ ಹೊಸ ಬೋರ್‌ಗೆ ಹಾಕಿದ್ವಿ. ವೈರು ಮಾತ್ರ ಕಟ್ ಮಾಡ್ಲಿಲ್ಲ, ಹಂಗೇ ಜೋಪಾನವಾಗಿದೆ ನೋಡಿ."

ಹಸಿರು ವೈರು ಅಂದವಾಗಿ ಸುರುಳಿ ಸುತ್ತಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಎ.ಸಿ.ಯಿಂದ ಸೋರುವ ಕರೆಂಟು, ಇಳಿಯಲು ನೆಲವಿಲ್ಲದೆ, ಎ.ಸಿ.ಯ ಪ್ಲಗ್ಗಿಗೂ ಮಂಚದ ಪ್ಲಗ್ಗಿಗೂ ಸೇರಿದ್ದ ಅದೇ ವೈರಿನ ಮೂಲಕ ವಾಪಸು ಮಂಚಕ್ಕೆ ಬರುತ್ತಿತ್ತು. ಎ.ಸಿ.ಯೊಳಗೆ ಎಲ್ಲಾದರೂ ಇನ್ಸುಲೇಷನ್ ಪೂರ್ತಿ ಕೆಟ್ಟಿದ್ದರೆ ಮಂಚಕ್ಕೆ ಬರುತ್ತಿದ್ದುದು ಇನ್ನೂರಮೂವತ್ತು ವೋಲ್ಟು. ಇದನ್ನು ಬಿಡಿಸಿ ಹೇಳಿದಾಗ ಅವರು "ಅಯ್ಯೋ ದೇವುಡಾ" ಎಂದು ಆ ಚಪ್ಪಡಿಯ ಮೇಲೆಯೇ ಕೂತುಬಿಟ್ಟರು.

ಕೂರಲು ಹೊತ್ತಿರಲಿಲ್ಲ. ಎ.ಸಿ. ನಿಂತ ಕೋಣೆ ಕಾಯತೊಡಗಿತ್ತು. ಶೋಭಾ ಫ್ಯಾನಿನ ಕೆಳಗೆ ಗಂಡನ ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ಥರ್ಮಾಮೀಟರ್ ನೋಡುತ್ತಿದ್ದಳು. ಜ್ವರ ನೂರಾ ಒಂದಕ್ಕೆ ಬಂತು. ನಾನೂ ನನ್ನ ಜೊತೆ ಬಂದಿದ್ದ ಹುಡುಗನೂ ಹಿತ್ತಲಲ್ಲಿ ಗುಂಡಿ ತೋಡಿ, ಅರ್ಥಿಂಗ್ ಪೈಪು ಇಳಿಸಿ, ಎ.ಸಿ.ಗೆ ಹೊಸ ಲೈನು ಎಳೆದೆವು. ಮೇನ್ ಬೋರ್ಡಿಗೆ ಆರ್‌ಸಿಸಿಬಿ ಕೂರಿಸಿದೆ. ಕರೆಂಟು ಸ್ವಲ್ಪ ದಾರಿ ತಪ್ಪಿದರೂ ಕ್ಷಣದಲ್ಲಿ ಸಪ್ಲೈ ಕಡಿಯುವ ಸಾಧನ ಅದು. ಸಂಜೆಯ ಹೊತ್ತಿಗೆ ಎ.ಸಿ. ಮತ್ತೆ ಓಡಿತು. ಮೀಟರ್ ಸೊನ್ನೆ ತೋರಿಸಿತು, ನಾನೂ ಬರಿಗಾಲಲ್ಲಿ ಕಂಬಿ ಹಿಡಿದು ನೋಡಿದೆ.

"ಈಗ ಮುಟ್ಟಿ ನೋಡಮ್ಮ" ಎಂದೆ. ಶೋಭಾ ಅಂಗೈಯನ್ನು ಗಂಡನ ಎದೆಯ ಮೇಲಿಟ್ಟಳು, ತೆಗೆಯಲಿಲ್ಲ. ಮುನಿರಾಜು ಆ ಕೈಯನ್ನೇ ನೋಡುತ್ತಿದ್ದ.

"ಏನಾಗಿತ್ತು ಸಾರ್?" ಎಂದು ನನ್ನನ್ನು ಕೇಳಿದ. ಇನ್ನು ಮುಚ್ಚಿಡುವುದು ಏನಿದೆ ಎಂದು ಎಲ್ಲವನ್ನೂ ಹೇಳಿದೆ. ಅವನು ಹೆಂಡತಿಯ ಕೈಯಿಂದ ನೋಟ ಕೀಳದೆ ಹೇಳಿದ.

"ಮುಟ್ಟಿದ ತಕ್ಷಣ ಕೈ ಎಳ್ಕೊಂಡ್ಬಿಡೋಳು ಸಾರ್. ನನ್ನ ಮೈ ಮುಟ್ಟೋಕೆ ಅಸಹ್ಯ ಪಡ್ತಾಳೆ ಅಂದ್ಕೊಂಡಿದ್ದೆ."

ಶೋಭಾ ಅವನ ಎದೆಯ ಮೇಲಿನ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು. ನಾನು ಸಾಮಾನು ಎತ್ತಿಕೊಂಡು ಹೊರಗೆ ಬಂದೆ.

ಎಂಸಿಬಿ ಬಿದ್ದರೆ ಮನೆಯ ಯಜಮಾನರು ಫೋನ್ ಮಾಡುತ್ತಾರೆ. ಕೈಗೆ ಕರೆಂಟು ತಾಗಿದರೆ ಯಾರೂ ಮಾಡುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದು. ಈಗ ಯಾವ ಮನೆಗೆ ಎ.ಸಿ. ಹಾಕಲು ಹೋದರೂ ಮೀಟರ್ ತೆಗೆಯುವ ಮೊದಲು ಪಾತ್ರೆ ತೊಳೆಯುವವರನ್ನು, ಬಟ್ಟೆ ಒಗೆಯುವವರನ್ನು, ಮಲಗಿದವರ ಮೈ ಒರೆಸುವವರನ್ನು ಬೇರೆಯಾಗಿ ಕರೆದು, ಎಲ್ಲಾದರೂ ಜುಮ್ಮೆನ್ನುತ್ತದೆಯೇ ಎಂದು ಕೇಳುತ್ತೇನೆ. "ಸ್ವಲ್ಪ ಅಂತದೆ ಸಾರ್, ಅಭ್ಯಾಸ ಆಗ್ಬಿಟ್ಟಿದೆ" ಎಂದರೆ, ಅಲ್ಲೇ ಮೇನ್ ಸ್ವಿಚ್ ಇಳಿಸುತ್ತೇನೆ.