ಸೀದಾ ಹೋಗಲು ನಾಲ್ಕು ಲೈಟು

ಹುಮನಾಬಾದಿನಲ್ಲಿ ಡ್ರೈವಿಂಗ್ ಕಲಿಸುವುದು ನನ್ನ ಕೆಲಸ. ಡ್ಯಾಶ್‌ಬೋರ್ಡಿನ ಮೇಲಿನ ಕೆಂಪು ತ್ರಿಕೋನದ ಗುಂಡಿ ತೋರಿಸಿ ಎಲ್ಲರಿಗೂ ಹೇಳುತ್ತಿದ್ದೆ: "ಎಡಕ್ಕಿದ್ರ ಎಡಗಡಿ ಇಂಡಿಕೇಟರ್, ಬಲಕ್ಕಿದ್ರ ಬಲಗಡಿ. ಸರ್ಕಲ್‌ದಾಗ ಸೀದಾ ಹೋಗೋದಿದ್ರ ಇದನ್ನ ಒತ್ರಿ, ನಾಕೂ ಹತ್ತತಾವ." ನನ್ನ ಉಸ್ತಾದರು ನನಗೆ ಕಲಿಸಿದ್ದೂ ಹಾಗೆಯೇ. ನಮ್ಮ ಕಡೆ ಜೀಪಿನವರು, ಲಾರಿಯವರು ಹೋಗುವುದೂ ಹಾಗೆಯೇ. ಪುಸ್ತಕ ತೆರೆದು ನೋಡುವ ಉಸಾಬರಿಗೆ ನಾನು ಹೋಗಲಿಲ್ಲ.

ನನ್ನಲ್ಲಿ ಕಲಿತವರಲ್ಲಿ ಬಸವಕಲ್ಯಾಣದ ಒಬ್ಬ ಟೀಚರ್ ಇದ್ದರು. ಘಾಟಬೋರಾಳದ ಶಾಲೆಗೆ ದಿನಾ ನಮ್ಮೂರಲ್ಲಿ ಬಸ್ಸು ಬದಲಿಸಿ ಹೋಗಿ ಸಾಕಾಗಿದ್ದವರು. ಕ್ಲಚ್ ಬಿಡುವುದು ಬರಲಿಕ್ಕೇ ಒಂದು ವಾರ ಹಿಡಿಯಿತು, ನಾನು ಬೈದದ್ದಕ್ಕೆ ಮಿತಿಯಿಲ್ಲ. ಆದರೂ ಹಟ ಹಿಡಿದು ಕಲಿತರು. ಮನೆಯ ಕಾರನ್ನು ತಾವೇ ಓಡಿಸಿಕೊಂಡು ಶಾಲೆಗೆ ಹೋಗತೊಡಗಿದಾಗ ನನಗೂ ಹೆಮ್ಮೆಯಾಯಿತು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮಾಣಿಕನಗರದ ಹತ್ತಿರದ ಕ್ರಾಸಿನಲ್ಲಿ ಅವರು ನಾಲ್ಕೂ ಲೈಟು ಹಾಕಿ ಸೀದಾ ಹೊರಟರು. ಬಲಗಡೆ ಒಂದು ಬಸ್ಸು ನಿಂತಿತ್ತು. ಆ ಕಡೆಯ ರಸ್ತೆಯಿಂದ ಬಂದ ಬೈಕಿನವನಿಗೆ ಬಸ್ಸಿನ ಮರೆಯಲ್ಲಿ ಕಾರಿನ ಎಡಗಡೆಯ ಲೈಟು ಮಾತ್ರ ಕಂಡಿತು. ಎಡಕ್ಕೆ ತಿರುಗುತ್ತಾರೆಂದು ಅವನು ಮುಂದೆ ಬಂದ. ಡಿಕ್ಕಿಯಾಗಿ ಅವನ ಕೈ ಮುರಿಯಿತು.

ಮರುದಿನ ಟೀಚರ್ ಮತ್ತು ಅವರ ಗಂಡ ಇಬ್ಬರೂ ನನ್ನ ಆಫೀಸಿಗೆ ಬಂದರು. ಆತನದು ಬಟ್ಟೆ ಅಂಗಡಿ, ಮಾತು ಜೋರು.

"ಸರ್, ಆ ಲೈಟು ಗಾಡಿ ಕೆಟ್ಟು ರಸ್ತಾದಾಗ ನಿಂತ್ರ ಹಾಕೋದಂತ. ಪೊಲೀಸರು ಹೇಳಿದ್ರು. ಇಕೀ ನೋಡಿದ್ರ ಸರ್ ಕಲಿಸಿದ್ದೇ ಹಿಂಗ ಅಂತಾಳ. ಖರೇ ಏನ್ರಿ?"

ಅಂದೇ ಸೇರಲು ಬಂದಿದ್ದ ಮೂವರು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಥೂ, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ!

"ಇಲ್ರಿ, ನಾ ಹಂಗ ಕಲಿಸಿಲ್ಲ. ಗಾಬರಿಯಾಗಿ ಒತ್ಯಾರ" ಎಂದುಬಿಟ್ಟೆ.

"ಸರ್, ನೀವೇ..." ಎಂದು ಟೀಚರ್ ಶುರು ಮಾಡುವಷ್ಟರಲ್ಲಿ ಗಂಡ ಅವರತ್ತ ತಿರುಗಿದ.

"ಕೇಳಿದಿಲ್ಲ? ಇನ್ನ ಗಾಡಿ ಮುಟ್ಟಬ್ಯಾಡ" ಎಂದು ಅವರ ಕೈಯಿಂದ ಬೀಗದಕೈ ತೆಗೆದುಕೊಂಡ.

ಆ ವಾರವೇ ಆರ್‌ಟಿಓ ಆಫೀಸಿನಲ್ಲಿ ವಿಚಾರಿಸಿದೆ. ಪೊಲೀಸರು ಹೇಳಿದ್ದು ಸರಿಯಿತ್ತು. ಅಂದಿನಿಂದ ಹೊಸಬರಿಗೆಲ್ಲ ಸರಿಯಾಗಿಯೇ ಹೇಳಿಕೊಡುತ್ತಿದ್ದೇನೆ. ಅದೇನು ದೊಡ್ಡ ಮಾತಲ್ಲ. ಆದರೆ ಟೀಚರ್ ಮತ್ತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದನ್ನು ಕಂಡಾಗಲೆಲ್ಲ ನಾನು ಮುಖ ತಪ್ಪಿಸಿ ಹೋಗುತ್ತಿದ್ದೆ. ಹೀಗೆಯೇ ಎರಡು ತಿಂಗಳು ಕಳೆದೆ, ಹೇಡಿ ನಾನು.

ಕೊನೆಗೊಂದು ಭಾನುವಾರ ತಡೆಯಲಾರದೆ ಬಸವಕಲ್ಯಾಣಕ್ಕೆ ಅವರ ಅಂಗಡಿಗೇ ಹೋದೆ. ಇಬ್ಬರೂ ಇದ್ದರು.

"ಸಾವಕಾರ್ರ, ಆವತ್ತ ನಾ ಸುಳ್ಳು ಹೇಳಿದೆ. ನಾಕೂ ಲೈಟು ಹಾಕಂತ ಕಲಿಸಿದಾಂವ ನಾನೇ. ಇವರದೇನೂ ತಪ್ಪಿಲ್ಲ" ಎಂದೆ.

ಆತ ನಕ್ಕು ನನ್ನ ಎರಡೂ ಕೈ ಹಿಡಿದುಕೊಂಡ.

"ಭಾಳ ದೊಡ್ಡ ಮನಸ್ಸು ಬಿಡ್ರಿ ನಿಮ್ದು! ಇಕೀ ತಪ್ಪು ಮುಚ್ಚಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ನಮ್ಮವ್ವನ ಆಣಿರಿ, ಖರೇ ಹೇಳಾಕತ್ತೇನಿ."

"ಆತು ಬಿಡ್ರಿ ಸರ್, ಕೂಡ್ರಿ" ಎಂದು ಚಹಾ ಹೇಳಲು ಹೊರಗೆ ಹೋದ.

ಟೀಚರ್ ಸೀರೆ ಮಡಚುತ್ತಿದ್ದರು. ತಲೆಯೆತ್ತದೆ ಹೇಳಿದರು:

"ಆವತ್ತ ಹೇಳಿದ್ರ ನಂಬ್ತಿದ್ರು ಸರ್ ಅವರು."