ತಣ್ಣಗಿರುವ ಗಾಡಿಯೇ ಬೇಕೆನ್ನುವ ಮೆಕ್ಯಾನಿಕ್ ಅಕ್ಕ

ಬೆಳಗಿನ ಐದೂವರೆ. ಅಂಗಡಿಯ ಶಟರ್ ಅರ್ಧ ಎತ್ತಿ ಬಗ್ಗಿ ಒಳಹೋಗುವ ಮೆಕ್ಯಾನಿಕ್ ಅಕ್ಕ, ಮಗುವಿನ ಜ್ವರ ನೋಡುವಂತೆ ಹಳೆಯ ಬೈಕೊಂದರ ಎಂಜಿನ್ ಮುಟ್ಟಿ ನೋಡುತ್ತಾರೆ. "ಚೆನ್ನಾಗಿ ತಣ್ಣಗಾಗಿದೆ" ಎಂದು ಹಿಗ್ಗುತ್ತಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನಂತೂ ಇಂಥದಕ್ಕೆ ಹಿಗ್ಗುವವರನ್ನು ಮೊದಲ ಸಲ ನೋಡುತ್ತಿದ್ದೇನೆ.

ಬೈಕು ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ ನರ್ಸಮ್ಮನದು. ಬೆಳಿಗ್ಗೆ ಹೊರಟರೆ ಬೀದಿ ದಾಟುವಷ್ಟರಲ್ಲಿ ನಾಲ್ಕು ಸಲ ಕೆಮ್ಮಿ ನಿಲ್ಲುತ್ತದೆ. ಬಿಸಿಯಾಯಿತೋ, ಏನೂ ಅರಿಯದ ಸಂಭಾವಿತನಂತೆ ಓಡುತ್ತದೆ. ಹಾಗಾಗಿ ಈ ತಿಂಗಳು ಆರು ದಿನ ಆಕೆಗೆ ಕೆಲಸಕ್ಕೆ ತಡವಾಗಿದೆ. ಇನ್ನೊಂದು ಸಲ ತಡವಾದರೆ ಆ ಮನೆಗಳನ್ನು ಬೇರೆಯವರಿಗೆ ವಹಿಸುತ್ತೇವೆಂದು ಮೇಲಿನವರು ಹೇಳಿಬಿಟ್ಟಿದ್ದಾರೆ. ಎಂಟು ವರ್ಷ ನೋಡಿಕೊಂಡ ಅಜ್ಜ-ಅಜ್ಜಿಯರನ್ನು ಬಿಟ್ಟುಕೊಡಲು ಆಕೆಗೆ ಮನಸ್ಸಿಲ್ಲ.

"ಮೂರು ಕಡೆ ತೋರಿಸ್ದೆ ಅಕ್ಕಾ. ಗಾಡಿ ಸರಿಯಾಗೇ ಇದೆ, ನಿಮಗೇ ಓಡ್ಸೋಕೆ ಬರಲ್ಲ ಅಂದ್ರು" ಎನ್ನುತ್ತಾರೆ, ರಜೆಯ ದಿನವೂ ನಿದ್ದೆಗೆಟ್ಟು ಬಂದಿರುವ ನರ್ಸಮ್ಮ.

"ಅವರ ತಪ್ಪಲ್ಲಮ್ಮ. ನೀನು ಅಲ್ಲಿಗೆ ಹೋಗೋ ಹೊತ್ತಿಗೆ ಎಂಜಿನ್ ಬಿಸಿಯಾಗಿ ರೋಗವೇ ಮಾಯ! ಅದಕ್ಕೇ ಹಿಂದಿನ ದಿನವೇ ಇಲ್ಲಿ ಬಿಟ್ಟು ಹೋಗಿ ಅನ್ನೋದು ನಾನು."

ಹೀಗೆ ಗಾಡಿಗಳನ್ನು ರಾತ್ರಿಯಿಡೀ ಇರಿಸಿಕೊಳ್ಳುವುದರಿಂದ ಬೀದಿಯವರು ಇವರಿಗಿಟ್ಟ ಹೆಸರು 'ತಂಗಳಕ್ಕ'. ಕರೆದರೆ ಇವರಿಗೆ ನಗು.

ಅಂಗಡಿ ಮೊದಲು ಅಣ್ಣನದು. ಹತ್ತೊಂಬತ್ತು ವರ್ಷದ ಹಿಂದೆ ಅವರ ಬೆನ್ನು ಕೈಕೊಟ್ಟಾಗ ತಂಗಿ ಸ್ಪ್ಯಾನರ್ ಹಿಡಿದರು. ಬಂದವರೆಲ್ಲ ಇಣುಕಿ, "ಅಣ್ಣ ಇಲ್ವಾ?" ಎಂದು ವಾಪಸಾಗುತ್ತಿದ್ದರು. "ಅಣ್ಣ ಒಳಗೆ ಮಲಗಿದ್ದಲ್ಲಿಂದ್ಲೇ ಕೂಗೋನು: ಇಲ್ಲ, ಸತ್ತೋಗಿದಾನೆ, ಅವಳಿಗೇ ಕೊಡಿ!" ಎಂದು ಅಕ್ಕ ನೆನೆಯುತ್ತಾರೆ. ಈಗ ದಿನಕ್ಕೆ ಹನ್ನೆರಡು ಗಾಡಿ. ಅಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಕೇಳದಿದ್ದರೂ ಸಲಹೆ ಕೊಡುತ್ತಾರೆ.

ಐದನೇ ಕಿಕ್ಕಿಗೆ ಬೈಕು ಕೆಮ್ಮುತ್ತ ಏಳುತ್ತದೆ. ಅಕ್ಕ ಕೈಗೆತ್ತಿಕೊಳ್ಳುವುದು ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಕೊಳವೆಗೆ ನೀರು ಬಿದ್ದದ್ದೇ ತಡ, ಸದ್ದು ಬದಲಾಗುತ್ತದೆ. ಬಿಚ್ಚಿ ಬಗ್ಗಿಸಿದರೆ ಕೂದಲೆಳೆಯಷ್ಟು ಬಿರುಕು.

"ಗಾಳಿ ಇಲ್ಲಿಂದ ಕದ್ದು ಒಳಗೆ ಹೋಗ್ತಿತ್ತು. ಬಿಸಿಯಾದ್ರೆ ರಬ್ಬರ್ ಉಬ್ಬಿ ಬಿರುಕು ಮುಚ್ಕೊಳತ್ತೆ."

ಹೊಸ ಕೊಳವೆ ಕೂರಿಸುತ್ತಾರೆ. ಬೈಕು ಜುಮ್ಮೆಂದು ಓಡುತ್ತದೆ. ನರ್ಸಮ್ಮ ಚಪ್ಪಾಳೆ ತಟ್ಟಿದರೆ ಅಕ್ಕ ತಡೆಯುತ್ತಾರೆ: "ಈಗ ಬಿಸಿಯಾಗಿದೆ ಕಣಮ್ಮ, ಈಗ ಓಡೋದು ದೊಡ್ಡದಲ್ಲ. ನಾಳೆ ಬೆಳಿಗ್ಗೆ ಬಾ."

ಮರುದಿನ ಐದೂವರೆಗೆ ಮತ್ತೆ ಎಲ್ಲರೂ ಹಾಜರು, ನಾನೂ ಕೂಡ. ಎಂಜಿನ್ ತಣ್ಣಗಿದೆ. ನರ್ಸಮ್ಮನ ಕೈಯೂ ತಣ್ಣಗಿದೆಯಂತೆ. ಅಣ್ಣ ಇವತ್ತೊಂದು ದಿನ ಸಲಹೆ ಕೊಡುತ್ತಿಲ್ಲ. ಒಂದೇ ಕಿಕ್! ಬೈಕು ಕೆಮ್ಮದೆ, ನಿಲ್ಲದೆ ಬೀದಿ ದಾಟಿ ತಿರುವಿನಲ್ಲಿ ಮರೆಯಾಗುತ್ತದೆ. ನಾನು ಕುಣಿಯುವುದೊಂದು ಬಾಕಿ.

ಅಕ್ಕ ಮಾತ್ರ ಗಡಿಯಾರ ನೋಡುತ್ತ ನಿಂತೇ ಇದ್ದಾರೆ. ಇಪ್ಪತ್ತು ನಿಮಿಷಕ್ಕೆ ಫೋನ್ ಬರುತ್ತದೆ. ಆ ಕಡೆಯಿಂದ ನರ್ಸಮ್ಮನ ನಗು: "ಅಕ್ಕಾ, ಮೊದಲ್ನೇ ಮನೆ ಅಜ್ಜಿ ಬೈತಿದಾರೆ! ಮುಖ ತೊಳ್ಯೋಕೂ ಬಿಡದೆ ಬಂದ್ಬಿಟ್ಟೆಯಲ್ಲೇ ಅಂತ!"

ಫೋನಿಟ್ಟ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗುತ್ತಾರೆ.

"ಬರ್ಕೊಳ್ಳಿ. ಹತ್ತೊಂಬತ್ತು ವರ್ಷದಲ್ಲಿ, ಗಾಡಿ ಬೇಗ ಬಂತು ಅಂತ ದೂರು ಬಂದಿದ್ದು ಇದೇ ಮೊದಲು."