ಕೋರ್ಟಿಗೆ ಒಯ್ದ ರೊಟ್ಟಿ

ಅವ್ವ ಅಪ್ಪನ ಮೇಲೆ ಜೀವನಾಂಶದ ಕೇಸು ಹಾಕಿದಾಗ ನಾನು ಇಂಟರ್, ಅಂದರೆ ಊರ ಕಡೆಯ ಪಿಯುಸಿ, ಮೊದಲ ವರ್ಷದಲ್ಲಿದ್ದೆ. ನಾವಿಬ್ಬರೂ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿದ್ದೆವು, ಅಪ್ಪ ಯಾದಗಿರಿಯಲ್ಲಿ. ಗಾರೆ ಕೆಲಸಕ್ಕೆಂದು ಅವ್ವನನ್ನು ಇಲ್ಲಿಗೆ ಕರೆತಂದವನು, ಮೇಸ್ತ್ರಿಯಾಗಿ ನಾಲ್ಕು ಕಾಸು ಕಂಡ ಮೇಲೆ ಊರಿಗೆ ಹೋಗಿ ಬೇರೆ ಸಂಸಾರ ಹೂಡಿದ. ಅವ್ವ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ನನ್ನನ್ನು ಓದಿಸುತ್ತಿದ್ದಳು. ನನಗೆ ನರ್ಸಿಂಗ್ ಸೇರುವ ಆಸೆ. ರೊಟ್ಟಿಯ ದುಡ್ಡು ಅದಕ್ಕೆ ಎಲ್ಲಿ ಸಾಲಬೇಕು? ಕೇಸು ಹಾಕಿದ್ದೇ ಅದಕ್ಕಾಗಿ.

ಗಂಡ ಬೇರೆ ರಾಜ್ಯದಲ್ಲಿದ್ದರೂ ನೀವಿರುವಲ್ಲೇ ಅರ್ಜಿ ಹಾಕಬಹುದು ಎಂದು ವಕೀಲರು ಹೇಳಿದಾಗ ಅರ್ಧ ಗೆದ್ದೆವೆಂದೇ ತಿಳಿದೆವು. ಆದರೆ ಸಮನ್ಸು ಇಲ್ಲಿಂದ ಯಾದಗಿರಿಗೆ ಹೋಗಬೇಕು, ಅಲ್ಲಿನ ಪೊಲೀಸರು ಅದನ್ನು ಅವನಿಗೆ ತಲುಪಿಸಬೇಕು. ಅದು ಹೋದ ಹಾಗೇ ವಾಪಸ್ ಬರುತ್ತಿತ್ತು. ಮನೆಯಲ್ಲಿಲ್ಲವಂತೆ, ಊರಲ್ಲೇ ಇಲ್ಲವಂತೆ. ಅವನು ಹೊಸ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದನ್ನು ನಮ್ಮ ಬಂಧುಗಳು ದಿನಾ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ವರ್ಷ ತಿರುಗುವ ಹೊತ್ತಿಗೆ ಅಂತೂ ಒಬ್ಬ ಪೊಲೀಸಪ್ಪನ ಕೈಗೆ ಸಿಕ್ಕ.

ಕೋರ್ಟಿನ ತಾರೀಖಿನ ಬೆಳಿಗ್ಗೆ ಅವ್ವ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಡಬ್ಬಿಗೆ ತುಂಬುತ್ತಿದ್ದಳು. ಇಬ್ಬರಿಗೆ ಇಷ್ಟೊಂದು ಯಾಕೆ ಎಂದೆ.

"ಅಂವ ನಸುಕಿನ ಗಾಡಿಗೆ ಬರ್ತಾನ. ಹಸದಿರ್ತಾನ."

"ಅವ್ವಾ, ನಾವು ಅವನ ಮ್ಯಾಲೆ ಕೇಸ್ ಹಾಕೀವಿ."

"ಕೇಸ್ ಕೇಸಿನ ಜಾಗಾದಾಗ ಐತಿ. ಹಸದು ಬಂದಾಂವಗ ಉಣ್ಣು ಅನ್ನಬಾರ್ದೇನು?"

ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಅವ್ವ ಡಬ್ಬಿ ಬಿಚ್ಚಿದಳು. ಅಪ್ಪ ಮೊದಲು ಬೇಡವೆಂದ, ಆಮೇಲೆ ಕೂತ. ಒಂದು ರೊಟ್ಟಿ ಮುರಿದು ನನ್ನ ಕೈಗಿಟ್ಟು, "ಭಾಳ ಸೊರಗೀದಿ, ಉಣ್ಣು," ಎಂದ. ಸೊರಗಿಸಿದವನೇ ಈ ಮಾತು ಹೇಳಬೇಕೆ! ಆದರೂ ಉಂಡೆ. ಮೂವರೂ ಒಟ್ಟಿಗೆ ಕೂತು ಉಂಡು ಎಷ್ಟು ವರ್ಷವಾಗಿತ್ತೋ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಜಗಳದ ಗಂಡಹೆಂಡಿರಿಗೆ ರಾಜಿ ಮಾಡಿಸುವ ಮೇಡಂ ಅದೇ ದಾರಿಯಲ್ಲಿ ಹೋದವರು ನಮ್ಮನ್ನು ನೋಡಿದ್ದರು. ಒಳಗೆ ಕರೆದಾಗ, ಒಂದೇ ಡಬ್ಬಿಯಲ್ಲಿ ಉಣ್ಣುವವರಿಗೆ ಕೇಸು ಯಾಕಮ್ಮಾ ಎಂದು ತೆಲುಗಿನಲ್ಲಿ ಕೇಳಿ ನಕ್ಕರು. ಅಪ್ಪ ಕೂಡಲೇ ಕೈಮುಗಿದ. ಮಗಳ ಓದು ತನ್ನದು, ತಿಂಗಳು ತಿಂಗಳು ತಾನೇ ಕಳಿಸುತ್ತೇನೆ ಎಂದ. ಕೋರ್ಟಿನ ಆರ್ಡರ್ ಇರಲಿ ಎಂದು ವಕೀಲರು ಅವ್ವನ ಕಿವಿಯಲ್ಲಿ ಹೇಳುತ್ತಲೇ ಇದ್ದರು. ಈಗಷ್ಟೇ ತನ್ನ ಕೈಯಡುಗೆ ಉಂಡವನ ಮುಖ ನೋಡಿ, ನಿನ್ನ ಮೇಲೆ ನಂಬಿಕೆಯಿಲ್ಲ ಎನ್ನಲು ಅವ್ವನಿಗೆ ಬಾಯಿ ಬರಲಿಲ್ಲ. ಕೇಸು ವಾಪಸ್ ತೆಗೆದುಕೊಳ್ಳುವ ಕಾಗದಕ್ಕೆ ಸಹಿ ಹಾಕಿದಳು.

ದುಡ್ಡು ಎರಡು ತಿಂಗಳು ಬಂತು. ಆಮೇಲೆ ಅವನ ಫೋನೇ ಬಂದ್ ಆಯಿತು. ವಕೀಲರನ್ನು ಕೇಳಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂದರು. ಅದೇ ಅರ್ಜಿ, ಅದೇ ಸಮನ್ಸು, ಅದೇ ಯಾದಗಿರಿ. "ಸಾಕವ್ವಾ," ಎಂದಳು ಅವ್ವ. ನಾನು ಮೆಹದಿಪಟ್ಟಣಂನ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಹತ್ತಿರದ ಆಸ್ಪತ್ರೆಯ ನರ್ಸ್ ಹುಡುಗಿಯರು ಸೀರೆ ಕೊಳ್ಳಲು ಬಂದು ಡ್ಯೂಟಿಯ ಮಾತಾಡಿಕೊಂಡರೆ ಇಂದಿಗೂ ನನ್ನ ಕಿವಿ ಅತ್ತಲೇ ಇರುತ್ತದೆ.

ಹೋದ ವರ್ಷ ಒಂದು ಮಧ್ಯಾಹ್ನ ಅಪ್ಪ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕಣ್ಣು ತೋರಿಸಿಕೊಳ್ಳಲು ಹೈದರಾಬಾದಿಗೆ ಬಂದಿದ್ದನಂತೆ. ನಾನಿಲ್ಲಿರುವುದನ್ನು ಊರಿನವರು ಯಾರೋ ಹೇಳಿದ್ದರು. ಅವನನ್ನು ಕೇಳಬೇಕಾದ ಮಾತುಗಳನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಬಾಯಿಂದ ಬಂದದ್ದೇ ಬೇರೆ.

"ಉಂಡೀಯೇನಪ್ಪಾ?"

ಇಲ್ಲವೆಂದು ತಲೆಯಾಡಿಸಿದ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಅವ್ವ ಕಟ್ಟಿಕೊಟ್ಟ ಡಬ್ಬಿ ತೆಗೆದು ಅವನ ಮುಂದಿಟ್ಟೆ. ತಲೆ ಬಗ್ಗಿಸಿ ಉಂಡ. ಕೊನೆಯ ರೊಟ್ಟಿ ಮುರಿಯುವಾಗ ಸುತ್ತ ನೋಡಿ ಕೇಳಿದ:

"ನರ್ಸ್ ಆಗ್ತೀನಿ ಅಂತಿದ್ದಿ. ಇಲ್ಲೇನು ಮಾಡಾಕತ್ತೀ?"

"ಸೀರೆ ಮಡಚಾಕತ್ತೀನಿ," ಎಂದೆ.